ಹೊಡೆಯದ ಪೆಟ್ಟು

ಹಾಡು ಕಟ್ಟಲು ಲ್ಯಾಪ್‌ಟಾಪ್ ಬೇಕೆಂದು ಕೋಲಾರದ ಅಂಗಡಿಗೆ ಬಂದ ಗಂಗರತ್ನ ಚೀಲದಿಂದ ತಮಟೆ ತೆಗೆದಳು. ಸೇಲ್ಸ್‌ಮನ್ ಇಮ್ತಿಯಾಜ್ ಹೊಸ ಮಾಡೆಲ್ ಆನ್ ಮಾಡಿದ.

"ಹೊಡೀರಿ ಅಕ್ಕಾ."

ಅವಳು ಕೋಲು ಎತ್ತಿದಳಷ್ಟೆ, ಸ್ಪೀಕರ್ "ಢಣ್" ಅಂದಿತು. ಈಗಿನ ಲ್ಯಾಪ್‌ಟಾಪ್‌ಗಳೆಲ್ಲ ಹಾಗೇ. ಕ್ಯಾಮೆರಾದಲ್ಲಿ ಕೈ ಏಳುವುದನ್ನು ನೋಡಿ, ಪೆಟ್ಟು ಬೀಳುವ ಮೊದಲೇ ಸದ್ದು ಮಾಡಿಬಿಡುತ್ತವೆ.

"ನಾನಿನ್ನೂ ಹೊಡ್ದೇ ಇಲ್ವಲ್ಲ!"

"ಹೆಂಗಿದ್ರೂ ಹೊಡೀತೀರಲ್ಲ ಅಕ್ಕಾ, ಅದಕ್ಕೆ ಗೊತ್ತು."

"ಏನು ಗೊತ್ತು ಅದಕ್ಕೆ? ಎತ್ತಿದ ಕೋಲು ಹೊಡೀದೆ ನಿಲ್ಲೋದೇ ನಮ್ಮಪ್ಪ ಕಲಿಸಿದ ವರಸೆ ಕಣಪ್ಪ. ಕುಣಿಯೋರ ಕಾಲೂ ಎತ್ತಿದಲ್ಲೇ ನಿಲ್ಬೇಕು."

ಅವನು ಇನ್ನೂ ನಾಲ್ಕೈದು ತೋರಿಸಿದ. ಒಂದಕ್ಕೂ ಕಾಯುವ ತಾಳ್ಮೆಯಿರಲಿಲ್ಲ. ಗಂಗರತ್ನ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು, ಎದುರಿಗಿದ್ದ ಲ್ಯಾಪ್‌ಟಾಪಿನ ಕ್ಯಾಮೆರಾ ಮೇಲೆ ಒತ್ತಿ ಅಂಟಿಸಿದಳು.

"ಅಯ್ಯೋ, ಕಣ್ಣು ಮುಚ್ಚಿದ್ರೆ ವಾರಂಟಿ ಹೋಗುತ್ತೆ ಅಕ್ಕಾ!"

"ಹೋಗ್ಲಿ. ಇದೇ ಬೇಕು."

ಅವಳು ಮತ್ತೆ ಕೋಲು ಎತ್ತಿದಳು. ಲ್ಯಾಪ್‌ಟಾಪ್ ಸುಮ್ಮನಿತ್ತು. ಅವಳೂ ಹೊಡೆಯಲಿಲ್ಲ. ಇಮ್ತಿಯಾಜನ ಹಿಮ್ಮಡಿ ತಾನಾಗಿಯೇ ಮೇಲೆದ್ದು ಅಲ್ಲೇ ನಿಂತಿತು.

"ಹೊಡೀರಿ ಅಕ್ಕಾ!" ಅಂದ, ತಡೆಯಲಾಗದೆ.

"ನಂಗೆ ಹೊಡೀಬೇಕು ಅನ್ಸಿದಾಗ," ಎಂದಳು ಗಂಗರತ್ನ.