ನೂರ ಹನ್ನೆರಡನೇ ಪುಟ

"ಸರ್, ನೂರ ಹನ್ನೆರಡನೇ ಪುಟದಲ್ಲಿ ಲೆಕ್ಕ ಕೂಡ್ತಿಲ್ಲ" ಎಂದಳು ಬೈಂಡರ್‌ನ ಮಗಳು.

ಸಂಶೋಧಕ ಮೇಜಿನ ಮೇಲೆ ಬಗ್ಗಿ ಪುಟ ನೋಡಿದ. ನಾಲ್ಕು ವರ್ಷ ನಿದ್ದೆಗೆಟ್ಟು ಬರೆದ ಪ್ರಬಂಧ. ಸಂಜೆ ಐದರೊಳಗೆ ನಾಲ್ಕು ಪ್ರತಿಗೆ ರಟ್ಟು ಹಾಕಿಸಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು, ಆಗಲೇ ಗಂಟೆ ಎರಡು. ವಿದ್ಯಾರ್ಥಿಗಳು ಓದನ್ನು ಅರ್ಧಕ್ಕೆ ಬಿಡಲು ಕಾರಣವೇನು, ಅದರಿಂದ ಮನೆಗೂ ದೇಶಕ್ಕೂ ಆಗುವ ನಷ್ಟವೆಷ್ಟು ಎಂಬುದೇ ಅದರ ವಿಷಯ. ಮಾರ್ಗದರ್ಶಕರು ಮೂರು ಸಲ ಓದಿ ಸೈ ಎಂದಿದ್ದ ಪುಟದಲ್ಲಿ, ಹಾಳೆ ಜೋಡಿಸುವ ಹುಡುಗಿ ನಿಂತ ನಿಲುವಿನಲ್ಲೇ ತಪ್ಪು ಹಿಡಿದಿದ್ದಳು.

"ಬಿಟ್ಟವರು ಆರುನೂರ ನಲವತ್ತು ಜನ ಅಂತ ಮೇಲೆ ಇದೆ. ಕೆಳಗೆ ದುಡ್ಡಿನ ಅಡಚಣೆ, ಫೇಲಾಗಿದ್ದು, ಮದುವೆ, ಕಾಯಿಲೆ, ಆಸಕ್ತಿ ಇಲ್ಲದ್ದು, ಎಲ್ಲಾ ಕೂಡಿದ್ರೆ ಆರುನೂರ ಮೂವತ್ತೊಂಬತ್ತೇ."

"ಅಷ್ಟು ಬೇಗ ಹೇಗೆ ಕೂಡಿದ್ರಿ?"

ಮೂಲೆಯಲ್ಲಿ ರಟ್ಟಿಗೆ ಅಂಟು ಬಳಿಯುತ್ತಿದ್ದ ಬೈಂಡರ್ ತಲೆಯೆತ್ತದೆ, "ಸಂಖ್ಯಾಶಾಸ್ತ್ರ ಓದ್ತಿದ್ಲು ಸರ್, ಕೊನೇ ವರ್ಷ. ತಪ್ಪು ಲೆಕ್ಕ ಕಣ್ಣಿಗೆ ಬಿದ್ರೆ ಅವಳಿಗೆ ಊಟ ಸೇರಲ್ಲ" ಎಂದ.

"ಓದ್ತಿದ್ರಾ? ಹಾಗಾದ್ರೆ ನೀವೂ ಬಿಟ್ರಾ? ಯಾಕೆ?"

"ತಲೆಗೆ ಹತ್ತಲಿಲ್ಲ ಸರ್" ಎಂದಳು ಮಗಳು, ಹಾಳೆಗಳ ಅಂಚು ತಟ್ಟುತ್ತ.

ಬೈಂಡರ್‌ನ ಕುಂಚ ಒಂದು ಗಳಿಗೆ ನಿಂತಿತು. ಒಂದೂವರೆ ವರ್ಷದ ಹಿಂದೆ ಕಟಿಂಗ್ ಮಷೀನು ಅವನ ಬಲಗೈಯ ಎರಡು ಬೆರಳು ನುಂಗಿದಾಗ, ಒಂದೇ ಒಂದು ವಾರ ಅಂಗಡಿ ನೋಡಿಕೊಳ್ಳುತ್ತೇನೆಂದು ಬಂದವಳು ಇವಳು. ಆ ವಾರ ಇನ್ನೂ ಮುಗಿದಿರಲಿಲ್ಲ. ಗಾಯ ಮಾಯಿತು, ಎಡಗೈ ನಿಧಾನವಾಗಿ ಕೆಲಸ ಕಲಿಯಿತು. ಆದರೂ ಅಪ್ಪನೊಬ್ಬನನ್ನೇ ಆ ಮಷೀನಿನ ಹತ್ತಿರ ಬಿಟ್ಟು ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಕಾಲೇಜಿಗೆ ಮತ್ತೆ ಸೇರುವ ಅರ್ಜಿಯನ್ನು ಅಪ್ಪ ತಂದು ಮೇಜಿನ ಮೇಲಿಟ್ಟು ತಿಂಗಳಾಗಿತ್ತು. ಅವಳು ಅದರ ಮೇಲೆ ಅಂಟಿನ ಡಬ್ಬಿ ಇಟ್ಟಿದ್ದಳು. ಕೊನೆಯ ದಿನ ನಾಳೆ. ಅದು ದಾಟಿದರೆ ಎಷ್ಟು ಗೋಗರೆದರೂ ಸೇರಿಸಿಕೊಳ್ಳುವುದಿಲ್ಲ.

"ಅಲ್ಲ ಸರ್, ಒಬ್ರು ಓದು ಬಿಟ್ರೆ ನಷ್ಟ ಎಷ್ಟಾಗತ್ತೆ ಅಂತ ಬರ್ದಿದೀರಿ?" ಎಂದು ಬೈಂಡರ್ ಕೇಳಿದ.

"ಅಲ್ಲಿವರೆಗೆ ಕಟ್ಟಿದ ಫೀಸು, ಮುಂದೆ ಸಿಗಬೇಕಿದ್ದ ಸಂಬಳ, ಸರ್ಕಾರಕ್ಕೆ ಬರಬೇಕಿದ್ದ ತೆರಿಗೆ, ಎಲ್ಲಾ ಸೇರಿಸಿದ್ರೆ ಒಂದು ಮನೇನೇ ಕಟ್ಟಬಹುದು."

"ನೋಡಿದ್ಯೇನಮ್ಮ! ಒಂದು ಮನೇನ ಅಂಟು ಕಲಸೋಕೆ ಇಟ್ಕೊಂಡಿದೀನಿ ನಾನು." ಬೈಂಡರ್ ಜೋರಾಗಿ ನಕ್ಕ.

"ಅಪ್ಪಾ, ನೀನು ಸುಮ್ನಿರು. ಸರ್, ಆ ಒಂದು ಎಲ್ಲಿ ಹೋಯ್ತು ಹೇಳಿ."

ಸಂಶೋಧಕ ಹಣೆ ಉಜ್ಜಿಕೊಂಡ. ಥಟ್ಟನೆ ನೆನಪಾಯಿತು. "ಬಿಟ್ಟವರ ಮನೆಗೆಲ್ಲ ಅಂಚೆಯಲ್ಲಿ ಒಂದು ಫಾರ್ಮ್ ಕಳಿಸಿದ್ದೆ. ಹೆಸರು ಬೇಡ, ಕಾರಣಕ್ಕೆ ಗುರುತು ಹಾಕಿ ಸಾಕು ಅಂತ. ಒಂದು ಮಾತ್ರ ಯಾವುದಕ್ಕೂ ಗುರುತು ಹಾಕದೆ ವಾಪಸ್ ಬಂತು. ಕೆಳಗೆ ಏನೋ ಗೀಚಿತ್ತು. ಅಕ್ಷರ ನೋಡಬೇಕಿತ್ತು ನೀವು, ಒಂದೊಂದೂ ಒಂದೊಂದು ಕಡೆ ವಾಲಿತ್ತು, ಎಡಗೈಯಲ್ಲಿ ಬರೆದ ಹಾಗೆ."

ಮಗಳ ಕೈಯಲ್ಲಿದ್ದ ಹಾಳೆಗಳು ಸದ್ದು ನಿಲ್ಲಿಸಿದವು. "ಏನಂತ ಬರ್ದಿತ್ತು?"

"'ಬಿಟ್ಟಿಲ್ಲ. ಬರ್ತಾಳೆ.' ಅಷ್ಟೇ. ಅದನ್ನ ಯಾವ ಕಾರಣಕ್ಕೆ ಸೇರಿಸ್ಲಿ? ಪಕ್ಕಕ್ಕಿಟ್ಟೆ. ಮೇಲಿನ ಮೊತ್ತದಲ್ಲಿ ಹಾಗೇ ಉಳ್ಕೊಂಡಿದೆ."

ಅವಳು ತಿರುಗಿ ನೋಡಿದಳು. ಆಗಲೇ ಅಂಟು ಬಳಿದಿದ್ದ ರಟ್ಟಿಗೆ ಅಪ್ಪ ಎಡಗೈಯಲ್ಲಿ ಮತ್ತೆ ಅಂಟು ಬಳಿಯುತ್ತಿದ್ದ. ಕದ್ದು ಸಿಕ್ಕಿಬಿದ್ದವನಂತೆ ಕತ್ತು ಇನ್ನಷ್ಟು ತಗ್ಗಿಸಿದ್ದ. ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಬೇರೆಯವರ ನಾಲ್ಕು ವರ್ಷದ ದುಡಿಮೆ ಒದ್ದೆಯಾಗಬಾರದೆಂದು ಎರಡು ಹೆಜ್ಜೆ ಹಿಂದೆ ಸರಿದಳು.

"'ಇತರೆ, ಒಂದು' ಅಂತ ಕೊನೇಲಿ ಒಂದು ಸಾಲು ಸೇರಿಸಿಬಿಡ್ಲಾ?" ಸಂಶೋಧಕ ಗಡಿಯಾರ ನೋಡಿದ.

"ಬೇಡ ಸರ್. ಮೇಲಿನ ಮೊತ್ತದಲ್ಲೇ ಒಂದು ಕಮ್ಮಿ ಮಾಡಿ."

"ಹಾಗೆ ಮಾಡಿದ್ರೆ ಕೊನೇ ಅಧ್ಯಾಯದ ನಷ್ಟದ ಲೆಕ್ಕಾನೂ ಬದಲಾಗತ್ತಲ್ರೀ! ಬರೀ ಒಂದು ಸಾಲು ನಂಬ್ಕೊಂಡು ಹೇಗೆ ತಿದ್ದೋದು?"

ಅವಳು ಅಂಟಿನ ಡಬ್ಬಿ ಎತ್ತಿ ಪಕ್ಕಕ್ಕಿಟ್ಟಳು. ಮೇಜಿಗೆ ಕಚ್ಚಿಕೊಂಡಿದ್ದ ಅರ್ಜಿಯನ್ನು ಹರಿಯದ ಹಾಗೆ ಮೆಲ್ಲಗೆ ಬಿಡಿಸಿಕೊಂಡಳು.

"ತಿದ್ದಿ ಸರ್. ನಮ್ಮಪ್ಪ ಸುಳ್ಳು ಬರೆಯೋರಲ್ಲ."