ಗೂಳಿಯ ವಾರಸುದಾರ

"ಆ ತಾತ ಮತ್ತೆ ಬಂದವ್ನೆ ಕಣೆ," ಎಂದು ಕಿಟಕಿಯ ಬಳಿ ನಿಂತಿದ್ದ ಬೀರೇಶ್ ಹೇಳಿದ್ದೇ ತಡ, ಸಹನಾ ಹಾಡುವುದನ್ನು ನಿಲ್ಲಿಸಿದಳು.

ಮೂರು ದಿನದಿಂದ ಇದೇ ಕಥೆ. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಹತ್ತಿರದ ಲೇತ್ ಶೆಡ್ಡಿನ ಮೇಲಿನ ಕೋಣೆಯಲ್ಲಿ 'ಒಂಟಿಕೊಂಬು' ರಾಕ್ ಬ್ಯಾಂಡಿನವರು ಅಭ್ಯಾಸ ಶುರುಮಾಡಿದರೆ ಸಾಕು, ಆ ಮುದುಕ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಹಾಜರ್. ಹಾಡು ಅವನಿಗೆ ಬೇಕಿರಲಿಲ್ಲ. ಬ್ಯಾಂಡಿನ ಟೀ-ಶರ್ಟ್ ತೊಟ್ಟು ಓಡಾಡುವ ಹುಡುಗರ ಎದೆಯನ್ನೇ ದಿಟ್ಟಿಸುತ್ತಿದ್ದ. ನಿನ್ನೆಯಂತೂ ಒಬ್ಬನನ್ನು ನಿಲ್ಲಿಸಿ, ಅಂಗಿಯ ಅಂಚು ಮಗುಚಿ ಒಳಗಡೆಯೂ ನೋಡಿದ್ದ.

ಆ ಅಂಗಿಯ ಮೇಲೆ ಇದ್ದದ್ದು ಒಂದೇ ಕೊಂಬಿನ ಗೂಳಿಯ ಮುಖ. ತಟ್ಟೆಯಗಲದ ಕಣ್ಣು, ಸೊಟ್ಟ ಮೂಗು. ಕೃಷ್ಣಗಿರಿಯಿಂದ ಬೆಂಗಳೂರಿನ ತನಕ ಬ್ಯಾಂಡಿನ ಒಂದು ಹಾಡೂ ಕೇಳದವರಿಗೂ ಆ ಗೂಳಿ ಗೊತ್ತಿತ್ತು. ಅದು ಎಲ್ಲಿಂದ ಬಂತು ಎಂದು ಯಾರೇ ಕೇಳಲಿ, ಹಾಡುಗಾರ್ತಿ ಸಹನಾ ಕಣ್ಣು ಮುಚ್ಚಿಕೊಂಡು "ಕನಸಿನಲ್ಲಿ ಬಂತು" ಅನ್ನುತ್ತಿದ್ದಳು. ಅಬ್ಬಬ್ಬಾ, ಎಂಥ ಸುಳ್ಳು! ಅದು ಬಂದದ್ದು ಟೊಮೆಟೊ ಕ್ರೇಟಿನಿಂದ.

ತರಕಾರಿ ಮಂಡಿಗೆ ಹೋದ ಕ್ರೇಟು ತಮಗೇ ವಾಪಸು ಬರಲಿ ಎಂದು ಬೇರಿಕೆ ಕಡೆಯ ರೈತರು ಅದರ ಮೇಲೆ ತಮ್ಮ ಗುರುತು ಬರೆದಿರುತ್ತಾರೆ. ಕೆಲವರದು ಹೆಸರಿನ ಮೊದಲಕ್ಷರ, ಕೆಲವರದು ನಕ್ಷತ್ರ. ಯಾರೋ ಒಬ್ಬ ಪುಣ್ಯಾತ್ಮ ಮಾತ್ರ ಗೂಳಿ ಬರೆದಿದ್ದ. ನಾಲ್ಕು ವರ್ಷದ ಹಿಂದೆ, ಮೊದಲ ಕಾರ್ಯಕ್ರಮದ ದಿನ ಸ್ಪೀಕರ್ ಇಡಲು ಏನೂ ಸಿಗದೆ, ಸಹನಾ ಮಂಡಿಯ ಹಿಂದೆ ಬಿದ್ದಿದ್ದ ಆ ಕ್ರೇಟನ್ನು ಯಾರನ್ನೂ ಕೇಳದೆ ಎತ್ತಿಕೊಂಡು ಬಂದಿದ್ದಳು. ಫೋಟೊದಲ್ಲಿ ಬ್ಯಾಂಡಿನವರ ಮುಖವೆಲ್ಲ ಮಸುಕು, ಗೂಳಿಯೊಂದೇ ಸ್ಪಷ್ಟ. ಜನ ಅದನ್ನೇ ಮೆಚ್ಚಿದರು. ಬ್ಯಾಂಡಿನ ಹೆಸರೂ ಅದರಿಂದಲೇ ಹುಟ್ಟಿತು. ಈ ಗುಟ್ಟು ಸಹನಾಳನ್ನೂ ಡ್ರಮ್ಸ್ ಬಾರಿಸುವ ಬೀರೇಶನನ್ನೂ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ಬೆಂಗಳೂರಿನ ಕಂಪನಿಯವರು ಬರುವವರಿದ್ದರು. ಟೀ-ಶರ್ಟ್ ಇನ್ನು ದೇಶದ ತುಂಬ ಅವರೇ ಮಾರುತ್ತಾರೆ. ಅವರು ಕಳಿಸಿದ ಕಾಗದದ ಕೊನೆಯಲ್ಲಿ 'ಈ ಚಿತ್ರ ಬರೆದದ್ದು ನಾನೇ' ಎಂಬ ಸಾಲು, ಅದರ ಕೆಳಗೆ ಸಹಿಗೆ ಜಾಗ. ಸಹಿ ಹಾಕಿದ ಮೇಲೆ ನಿಜವಾದ ವಾರಸುದಾರ ಎದ್ದು ನಿಂತರೆ ಬ್ಯಾಂಡಿನ ಮಾನ ಮೂರುಕಾಸಿಗೆ ಹರಾಜು. ಹಾಕದಿದ್ದರೆ ದುಡ್ಡಿಲ್ಲ, ಬ್ಯಾಂಡೂ ಇಲ್ಲ. ಎಲ್ಲರೂ ಮತ್ತೆ ಫ್ಯಾಕ್ಟರಿ ಶಿಫ್ಟಿಗೆ.

ಮೊದಲು ಸಹಿ ಹಾಕಿಬಿಡು, ತಾತನನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬೀರೇಶ್ ಬುದ್ಧಿ ಹೇಳಿದ. ಸಹನಾ ಕೇಳಲಿಲ್ಲ. ಕಾಗದ ಹಿಡಿದು ದಡದಡ ಮೆಟ್ಟಿಲಿಳಿದಳು.

ಮುದುಕ ಅವಳನ್ನು ಕಂಡು ಎದ್ದು ನಿಂತ. ಹೆಸರು ರಾಮಚಂದ್ರಪ್ಪ, ಊರು ಬೇರಿಕೆ ಅಂದ. ಬೇರಿಕೆ ಅಂದ ಕೂಡಲೇ ಸಹನಾ ಅವನ ಕೈ ಕಡೆ ನೋಡಿದಳು. ಅವನ ಉಗುರು ಸಂದಿಯಲ್ಲಿ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಗೂಳಿಯದೂ ಅದೇ ನೀಲಿ.

"ಈ ಗೂಳಿ ವಿಚಾರ ಮಾತಾಡ್ಬೇಕಿತ್ತು ಕಣಮ್ಮ," ಅಂದ. "ಮೂರು ದಿನದಿಂದ ಧೈರ್ಯ ಬರ್ಲಿಲ್ಲ."

ಪಾಪ, ತನ್ನದನ್ನು ತಾನು ಕೇಳಲಿಕ್ಕೂ ಸಂಕೋಚಪಡುವ ಮನುಷ್ಯ, ಎಂದುಕೊಂಡಳು ಸಹನಾ. ಕಂಪನಿಯವರು ಬರುವುದು ನಿಜವೇ ಎಂದು ಅವನು ವಿಚಾರಿಸಿದ. ನಿಜ ಎಂದಳು. ಅವಳು ತೊಟ್ಟಿದ್ದ ಟೀ-ಶರ್ಟಿನ ಕಡೆ ನೋಡಿ, ಈ ಬಣ್ಣ ಬಿಡುವುದಿಲ್ಲವೇ ಎಂದು ಕೇಳಿದ. ಇಲ್ಲ ಎಂದಳು. ತಾನು ಹಾಕಿದ್ದು ತಿಂಗಳು ತುಂಬುವುದರೊಳಗೆ ಹೋಗಿಬಿಡುತ್ತದೆ ಎಂದು ನಿಟ್ಟುಸಿರಿಟ್ಟ. ಬಿಸಿಲಲ್ಲಿ ಮಳೆಯಲ್ಲಿ ಬಿದ್ದಿರುವ ಕ್ರೇಟಿನ ಮೇಲೆ ಬಣ್ಣ ನಿಲ್ಲುವುದಾದರೂ ಹೇಗೆ?

"ಮನೇಲಿ ಇನ್ನೂ ಮುನ್ನೂರವೆ. ಒಂದೊಂದ್ರ ಮೇಲೂ ಇದೇ ಗೂಳಿ. ನೋಡ್ದಾಗೆಲ್ಲ ಹೊಟ್ಟೆಲಿ ಚುರ್ ಅಂತದೆ."

ಅಷ್ಟೇ, ಸಹನಾಳ ಕಟ್ಟೆ ಒಡೆಯಿತು. ಕ್ರೇಟು ಕದ್ದದ್ದು, ಕನಸಿನ ಕಥೆ ಕಟ್ಟಿದ್ದು, ಅದನ್ನು ಟಿವಿಯವರ ಮುಂದೆಯೂ ಹೇಳಿದ್ದು, ಒಂದನ್ನೂ ಬಿಡದೆ ಒಪ್ಪಿಸಿದಳು. ಟೀ ಅಂಗಡಿಯವನು ಹಾಲು ಉಕ್ಕಿದ್ದನ್ನೂ ಮರೆತು ಕೇಳುತ್ತಿದ್ದ. ಕೊನೆಗೆ ಕಾಗದ ಬಿಚ್ಚಿ ಬೆಂಚಿನ ಮೇಲಿಟ್ಟು ಪೆನ್ನು ಚಾಚಿದಳು.

"ಚಿತ್ರ ಬರ್ದೋರು ಇಲ್ಲಿ ಸೈನ್ ಹಾಕ್ಬೇಕು ತಾತ. ನೀವೇ ಹಾಕಿ. ಬ್ಯಾಂಡು ಉಳಿದ್ರೆ ಉಳೀಲಿ, ಹೋದ್ರೆ ಹೋಗ್ಲಿ."

ಹೇಳಿ ಮುಗಿಸಿದ ಮೇಲೆ ಅವಳಿಗೆ ಖುಷಿಯೇ ಆಯಿತು. ನಾಲ್ಕು ವರ್ಷದಲ್ಲಿ ಇಷ್ಟು ಹಗುರ ಅನ್ನಿಸಿದ್ದು ಇದೇ ಮೊದಲು.

ಮುದುಕ ಪೆನ್ನು ಮುಟ್ಟಲಿಲ್ಲ. ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ, ಕಣ್ಣಲ್ಲಿ ನೀರು ಬರುವಷ್ಟು.

"ಕ್ರೇಟು ಯಾರ್ದೋ ನಂಗೇನಮ್ಮ ಗೊತ್ತು, ನಾನು ಮದ್ವೆ ಚೀಲಕ್ಕೆ ಪ್ರಿಂಟ್ ಹಾಕೋನು, ನಿಮ್ ಗೂಳೀನ ಕದ್ದು ಡೂಪ್ಲಿಕೇಟ್ ಟೀ-ಶರ್ಟ್ ಮಾಡ್ಬುಟ್ಟಿದ್ದೆ, ಕಂಪ್ನಿಯೋರು ಹಿಡ್ಯೋಕ್ ಮುಂಚೆ ತಪ್ಪಾಯ್ತು ಅಂತ ಕೇಳ್ಕಳಾನ ಅಂತ ಬಂದ್ರೆ, ನೀನೂ ನಮ್ ಪೈಕೀನೇ."