ಚಿವುಟಿ ಎಸೆದ ಕುಡಿಗಳು

ಟೊಮ್ಯಾಟೊ ಎಲೆಯ ಘಾಟು ಬೆರಳಿಗೆ ಹತ್ತಿದರೆ ಈಗಲೂ ಮಸ್ಕಿಯ ನಮ್ಮ ಹಿತ್ತಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಕಡೆಯ ಬಿಸಿಲು ತಡೆಯದ ಆ ದಪ್ಪ ಹಣ್ಣಿನ ಜಾತಿಯನ್ನು ಅಪ್ಪ ಚಳಿ ಬಿದ್ದ ಮೇಲೆಯೇ ಹಚ್ಚುತ್ತಿದ್ದ. ಗಿಡಗಳು ನನಗಿಂತ ಎತ್ತರವಾಗಿದ್ದವು. ಅವನ್ನು ಕೋಲಿಗೆ ಕಟ್ಟಿ, ಎಲೆಯ ಸಂದಿಯಲ್ಲಿ ಮೂಡಿದ ಕುಡಿಗಳನ್ನೆಲ್ಲ ಅಪ್ಪ ಚಿವುಟಿ ಎಸೆಯುತ್ತಿದ್ದ.

"ಚಲೋ ಅದಾವಲ್ಲಪ್ಪಾ, ಯಾಕ ಕೀಳ್ತಿ?" ಎಂದು ಕೇಳಿದೆ.

"ಇವನ್ನ ಬಿಟ್ರ ಹಣ್ಣು ದಪ್ಪ ಆಗಂಗಿಲ್ಲ. ಎಲ್ಲಾದಕ್ಕೂ ಎಲ್ಲಿಂದ ಸತ್ವ ತರೂದು?"

ಬಾಗಿಲಲ್ಲಿ ನಿಂತಿದ್ದ ಅವ್ವ ಯಾಕೋ ಒಳಗೆ ಹೋಗಿಬಿಟ್ಟಳು. ಬರುವ ವರ್ಷ ನನ್ನನ್ನು ಲಿಂಗಸುಗೂರಿನ ಹಾಸ್ಟೆಲಿಗೆ ಹಾಕಿ ಓದಿಸುವುದೆಂದೂ, ಅಕ್ಕ ಇನ್ನು ಸಾಲಿಗೆ ಹೋಗುವುದು ಬೇಡವೆಂದೂ ಅಪ್ಪ ಹಿಂದಿನ ದಿನವಷ್ಟೇ ಹೇಳಿದ್ದ.

ಅಕ್ಕ ಬಂದು ಬಿದ್ದ ಕುಡಿಗಳನ್ನು ಒಂದೊಂದಾಗಿ ಆರಿಸಿದಳು. ಒಡೆದ ಕೊಡದಲ್ಲಿ ಮಣ್ಣು ತುಂಬಿ ನೆಟ್ಟಳು.

"ಅವೆಲ್ಲಿ ಹತ್ತತಾವು, ಬಿಡವಾ," ಎಂದ ಅಪ್ಪ. ಅಕ್ಕ ನೀರು ಹಾಕಿದಳು.

ಹದಿನೈದು ದಿನಕ್ಕೆ ಅವೆಲ್ಲ ಹೊಸ ಎಲೆ ಬಿಟ್ಟವು. ನಾನು ಅಪ್ಪನ ಕೈ ಹಿಡಿದು ಎಳೆದುಕೊಂಡು ಬಂದು ತೋರಿಸಿದೆ. ಅವನು ಬಹಳ ಹೊತ್ತು ಕೊಡವನ್ನೇ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗದೆ, "ನೀ ಸಾಲಿಗಿ ನಡಿ," ಎಂದು ನನ್ನನ್ನು ಗದರಿದ.

ಅವತ್ತು ರವಿವಾರ.